ಸಾಂಕ್ರಾಮಿಕದ ಹೊತ್ತಲ್ಲಿ ಬಾಡಿಗೆ ಫ್ಲ್ಯಾಟ್: ಏನು ಮಾಡಬೇಕು, ಯಾರನ್ನು ಕೇಳಬೇಕು

2020ರ ಏಪ್ರಿಲ್‌ನಲ್ಲಿ ನಾವಿದ್ದ ಅಪಾರ್ಟ್‌ಮೆಂಟಿನ ಲಿಫ್ಟ್ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು: ‘ಬಾಡಿಗೆದಾರರು ಮತ್ತು ಮನೆಗೆಲಸದವರು ಲಿಫ್ಟ್ ಬಳಸುವಂತಿಲ್ಲ.’ ನಮ್ಮದು ನಾಲ್ಕನೇ ಮಹಡಿ, ಅಮ್ಮನಿಗೆ ಮಂಡಿನೋವು. ವೈರಸ್ಸಿಗೆ ಸೇಲ್ ಡೀಡ್ ಓದಲು ಬರುತ್ತದೆಯೇ ಎಂದು ಜಗಳಕ್ಕೆ ನಿಲ್ಲಬೇಕೆನಿಸಿತು, ನಿಲ್ಲಲಿಲ್ಲ. ಸೆಕ್ರೆಟರಿಯವರಿಗೆ ಎರಡು ಸಾಲಿನ ಮೆಸೇಜ್ ಕಳಿಸಿದೆ: ‘ಸರ್, ಇದು ಯಾವ ಆದೇಶದ ಪ್ರಕಾರ? ಸಂಖ್ಯೆ, ದಿನಾಂಕ ತಿಳಿಸಿದರೆ ಪಾಲಿಸುತ್ತೇವೆ.’ ಉತ್ತರ ಬರಲಿಲ್ಲ. ಮೂರನೇ ದಿನ ಕಾಗದ ಅಲ್ಲಿರಲಿಲ್ಲ.

ರೋಗದ ಕಾಲದಲ್ಲಿ ಬಾಡಿಗೆದಾರನಿಗೆ ನಾಲ್ಕು ಬಾಯಿಂದ ಅಪ್ಪಣೆ ಬರುತ್ತದೆ: ಓನರ್, ಅಸೋಸಿಯೇಷನ್, ಗೇಟಿನ ಸೆಕ್ಯುರಿಟಿ, ಪಾಲಿಕೆ. ಯಾವುದು ಕಾನೂನು, ಯಾವುದು ಕೋರಿಕೆ, ಯಾವುದು ಬರೀ ಹೆದರಿಕೆ ಎಂದು ಬೇರ್ಪಡಿಸಲು ಬಂದರೆ ಅರ್ಧ ಕಷ್ಟ ಕಳೆಯಿತು. ಉಳಿದರ್ಧ ನೀರು, ಸೊಳ್ಳೆ, ಗಾಳಿ ಮತ್ತು ದುಡ್ಡಿನದು. ನಾನು ಬೆಂಗಳೂರಿನ ಮಟ್ಟಿಗೆ ಬರೆಯುತ್ತಿದ್ದೇನೆ. ಮೈಸೂರು, ಹುಬ್ಬಳ್ಳಿ, ಮಂಗಳೂರಿನವರಿಗೂ ಹೆಚ್ಚಿನದು ಹೊಂದುತ್ತದೆ.

ಹೆಜ್ಜೆ 1: ಯಾರ ಮಾತಿಗೆ ಎಷ್ಟು ತೂಕ

ಸರ್ಕಾರದ ಆದೇಶ ಎಲ್ಲಕ್ಕಿಂತ ಮೇಲು. ಅದು ಸಾಮಾನ್ಯವಾಗಿ ಎರಡು ಕಾನೂನುಗಳ ಬಲದಿಂದ ಹೊರಡುತ್ತದೆ: 2005ರ ವಿಪತ್ತು ನಿರ್ವಹಣಾ ಕಾಯ್ದೆ, ಮತ್ತು 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ. ಅದಕ್ಕೆ ಸಂಖ್ಯೆ, ದಿನಾಂಕ, ಸಹಿ ಇರುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ‘ಫಾರ್ವರ್ಡೆಡ್ ಮೆನಿ ಟೈಮ್ಸ್’ ಎಂದು ಬಂದದ್ದಕ್ಕೆ ಈ ಮೂರೂ ಇಲ್ಲದಿದ್ದರೆ ಅದನ್ನು ಆದೇಶವೆಂದು ತಿಳಿಯಬೇಡಿ.

ಅಸೋಸಿಯೇಷನ್ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿಯೋ 1960ರ ಸಂಘಗಳ ನೋಂದಣಿ ಕಾಯ್ದೆಯಡಿಯೋ ಇರುತ್ತದೆ. ಲಿಫ್ಟು, ಮೆಟ್ಟಿಲು, ಜಿಮ್, ಸಂಪು, ಗೇಟು, ಅಂದರೆ ಎಲ್ಲರಿಗೂ ಸೇರಿದ ಜಾಗಗಳಿಗೆ ಅದು ನಿಯಮ ಮಾಡಬಹುದು. ‘ಲಿಫ್ಟಿನಲ್ಲಿ ಒಮ್ಮೆಗೆ ಇಬ್ಬರೇ’ ಎಂದರೆ ಒಪ್ಪಿಕೊಳ್ಳಿ. ನಿಯಮ ಓನರ್‌ಗಳಿಗೊಂದು, ಬಾಡಿಗೆಯವರಿಗೊಂದು ಎಂದಾದರೆ ಬರವಣಿಗೆಯಲ್ಲಿ ಕಾರಣ ಕೇಳಿ. ನಿಮ್ಮ ಫ್ಲ್ಯಾಟಿನ ಬಾಗಿಲಿಗೆ ಹೊರಗಿನಿಂದ ಬೀಗ ಜಡಿಯುವ, ದಿನಸಿ ತಡೆಯುವ, ಆಸ್ಪತ್ರೆಗೆ ಹೊರಟವರನ್ನು ನಿಲ್ಲಿಸುವ ಅಧಿಕಾರ ಅವರಿಗಿಲ್ಲ. ಅಧಿಕಾರ ಇದ್ದವರೂ ತಪ್ಪು ಮಾಡುತ್ತಾರೆ ಅನ್ನುವುದು ಬೇರೆ ಮಾತು. 2020ರ ಜುಲೈನಲ್ಲಿ ದೊಮ್ಮಲೂರಿನಲ್ಲಿ ಬಿಬಿಎಂಪಿ ಸಿಬ್ಬಂದಿ ಎರಡು ಫ್ಲ್ಯಾಟುಗಳ ಬಾಗಿಲಿಗೆ ತಗಡಿನ ಶೀಟು ಹೊಡೆದು ಹೋಗಿದ್ದರು. ಒಳಗೆ ಪುಟ್ಟ ಮಕ್ಕಳಿದ್ದ ತಾಯಿ, ಪಕ್ಕದಲ್ಲಿ ವಯಸ್ಸಾದ ದಂಪತಿ. ಬೆಂಕಿ ಬಿದ್ದಿದ್ದರೆ? ಫೋಟೋ ಹರಡಿದ ಮೇಲೆ ಶೀಟು ತೆಗೆಸಿ, ಆಯುಕ್ತರು ಕ್ಷಮೆ ಕೇಳಿದರು. ಫೋಟೋ ತೆಗೆದವರು ಇದ್ದದ್ದರಿಂದ ಅಷ್ಟಾದರೂ ಆಯಿತು.

ಓನರ್ ಜೊತೆ ನಿಮಗಿರುವುದು ಕರಾರಿನ ಸಂಬಂಧ. ಅವರು ಏನು ಹೇಳಬಹುದು ಅನ್ನುವುದು ಕರಾರು ಪತ್ರದಲ್ಲಿದೆ. ಹಾಗಾಗಿ ಈಗಲೇ ಅದನ್ನು ಬೀರುವಿನಿಂದ ಹೊರಗೆ ತೆಗೆಯಿರಿ.

ಹೆಜ್ಜೆ 2: ಕರಾರು ಪತ್ರ ಓದಿ, ಒಂದು ಕಲಮು ಸೇರಿಸಿ

ನಮ್ಮಲ್ಲಿ ಕರಾರು ಹನ್ನೊಂದು ತಿಂಗಳಿಗೇ ಯಾಕೆ ಅನ್ನುವುದು ಅನೇಕರಿಗೆ ಗೊತ್ತಿಲ್ಲ. ಒಂದು ವರ್ಷ ಮೀರಿದ ಗೇಣಿಯನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಹನ್ನೊಂದು. ಇನ್ನೊಂದು ಭ್ರಮೆಯೂ ಇದೆ, ಬಾಡಿಗೆ ಕಾಯ್ದೆ ನಮ್ಮನ್ನು ಕಾಪಾಡುತ್ತದೆ ಅನ್ನುವುದು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ಇವತ್ತು ಆ ದುಡ್ಡಿಗೆ ಬೈಕ್ ನಿಲ್ಲಿಸುವ ಜಾಗ ಸಿಕ್ಕರೆ ಹೆಚ್ಚು. ಆದ್ದರಿಂದ ನಿಮ್ಮ ಮನೆಗೆ ಅನ್ವಯಿಸುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನಿಮ್ಮದೇ ಸಹಿ ಇರುವ ಆ ನಾಲ್ಕು ಹಾಳೆ. ಕರಾರಿನಲ್ಲಿ ಬೇರೆ ಅವಧಿ ಇಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆ ಬಿಡಿಸಲು ಹದಿನೈದು ದಿನದ ಲಿಖಿತ ನೋಟಿಸ್ ಬೇಕು ಎನ್ನುತ್ತದೆ ಆ ಕಾಯ್ದೆಯ 106ನೇ ಕಲಮು.

ಮೂರು ಕಡೆ ಬೆರಳಿಟ್ಟು ಓದಿ: ನೋಟಿಸ್ ಅವಧಿ, ಲಾಕ್-ಇನ್ (ಇಷ್ಟು ತಿಂಗಳು ಮನೆ ಬಿಡುವಂತಿಲ್ಲ ಎಂಬ ಷರತ್ತು), ಅಡ್ವಾನ್ಸ್ ವಾಪಸಿನ ಷರತ್ತು. ನವೀಕರಣದ ಹೊತ್ತಿಗೆ ಈ ಕಲಮು ಸೇರಿಸಲು ಕೇಳಿ:

‘ಸರ್ಕಾರ ಸಾಂಕ್ರಾಮಿಕ ರೋಗ ಅಥವಾ ವಿಪತ್ತಿನ ಕಾರಣ ಸಂಚಾರ ನಿರ್ಬಂಧಿಸಿದ ಅವಧಿಯಲ್ಲಿ ಕರಾರು ಮುಗಿದರೆ, ನಿರ್ಬಂಧ ತೆರವಾದ 30 ದಿನಗಳವರೆಗೆ ಇದೇ ಬಾಡಿಗೆಗೆ ಮುಂದುವರಿಯುವುದು. ಈ ಅವಧಿಯಲ್ಲಿ ಲಾಕ್-ಇನ್ ಅನ್ವಯಿಸುವುದಿಲ್ಲ. ಬಾಡಿಗೆಯ ಒಂದು ಭಾಗವನ್ನು ಅಡ್ವಾನ್ಸ್‌ನಲ್ಲಿ ಹೊಂದಿಸಿಕೊಳ್ಳಲು ಇಬ್ಬರೂ ಲಿಖಿತವಾಗಿ ಒಪ್ಪಬಹುದು.’

‘ಮೂವತ್ತು ದಿನ’ ನನ್ನ ಕಲ್ಪನೆಯಲ್ಲ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲೂ ಹೆಚ್ಚುಕಡಿಮೆ ಇದೇ ಮಾತಿದೆ. ಆದರೆ ಅದು ಮಾದರಿ ಮಾತ್ರ. ರಾಜ್ಯಗಳು ತಮ್ಮದಾಗಿಸಿಕೊಂಡರಷ್ಟೇ ಕಾನೂನು. ಓನರ್ ಮುಂದೆ ಅದನ್ನು ಝಳಪಿಸಲು ಹೋಗಬೇಡಿ, ‘ಕೇಂದ್ರವೇ ಹೀಗೆ ಸೂಚಿಸಿದೆ ಸರ್’ ಎಂದು ಮೃದುವಾಗಿ ಹೇಳಿ.

ಹೆಜ್ಜೆ 3: ಫ್ರಿಜ್ ಮೇಲೊಂದು ಚೀಟಿ

ಆರೋಗ್ಯ ಸಹಾಯವಾಣಿ 104. ಆಂಬುಲೆನ್ಸ್ 108. ಪೊಲೀಸ್ ಸೇರಿ ಎಲ್ಲ ತುರ್ತಿಗೆ 112. ಜಲಮಂಡಳಿ 1916. ಬೆಸ್ಕಾಂ 1912. ಉಚಿತ ಕಾನೂನು ನೆರವು 15100. ಮನಸ್ಸು ಕುಗ್ಗಿದರೆ ಟೆಲಿ ಮಾನಸ್ 14416. ಇವುಗಳ ಕೆಳಗೆ ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ಹೆಸರು, ಮನೆಯವರ ರಕ್ತದ ಗುಂಪು, ದಿನದ ಮಾತ್ರೆಗಳು, ವಿಮೆ ಸಂಖ್ಯೆ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾಗಿವೆ. ನಿಮ್ಮ ಬೀದಿ ಯಾವ ಪಾಲಿಕೆಗೆ ಸೇರಿತು ಎಂದು ಜ್ವರ ಬರುವ ಮೊದಲೇ ನೋಡಿಕೊಳ್ಳಿ.

ಕರಾರು, ಆಧಾರ್, ಬಾಡಿಗೆ ಕಟ್ಟಿದ ದಾಖಲೆಗಳನ್ನು ಫೋನಿನಲ್ಲೂ ಇಡಿ. ನಿರ್ಬಂಧದ ಕಾಲದಲ್ಲಿ ಗೇಟಿನಲ್ಲಿ ‘ನೀವು ಇಲ್ಲಿಯವರೇ?’ ಎಂದು ಕೇಳಿದಾಗ ಊರಿನ ವಿಳಾಸದ ಆಧಾರ್ ಮಾತ್ರ ತೋರಿಸಿದರೆ ಸಾಲದು.

ಹೆಜ್ಜೆ 4: ಮನೆಯನ್ನೇ ಒಮ್ಮೆ ಸುತ್ತಿ ಬನ್ನಿ

ಬಾಡಿಗೆ ಮನೆ ಅಂದರೆ ಉದಾಸೀನ ಜಾಸ್ತಿ. ‘ನಮ್ಮ ಸ್ವಂತದ್ದಾ?’ ಅಂದುಕೊಂಡು ಸೋರುವ ನಲ್ಲಿಗೆ ಬಕೆಟ್ ಇಟ್ಟು ವರ್ಷ ಕಳೆಯುತ್ತೇವೆ. ಸೊಳ್ಳೆಗೆ ಆ ಬಕೆಟ್ಟೇ ಬೇಕಾದದ್ದು.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಚರಂಡಿಗಿಂತ ತಿಳಿನೀರನ್ನೇ ಇಷ್ಟಪಡುತ್ತದೆ, ಹಗಲಲ್ಲಿ ಕಚ್ಚುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಂದು ದಿನ, ಭಾನುವಾರವೇ ಇರಲಿ, ಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ಯುಟಿಲಿಟಿಯ ಡ್ರಮ್ಮು, ಏರ್ ಕೂಲರ್, ಮನಿಪ್ಲಾಂಟ್ ಬಾಟಲಿ ಎಲ್ಲವನ್ನೂ ಖಾಲಿ ಮಾಡಿ, ಒಳಬದಿ ಉಜ್ಜಿ ತೊಳೆದು ಒಣಗಿಸಿ. ಬರೀ ಚೆಲ್ಲಿದರೆ ಆಗದು. ಪಾತ್ರೆಯ ಬದಿಗೆ ಅಂಟಿದ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕಿದ್ದು, ನೀರು ಬಿದ್ದೊಡನೆ ಒಡೆಯುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗಳಿಗೆ 400 ರೂಪಾಯಿ, ಕಟ್ಟಡ ಕಾಮಗಾರಿ ಜಾಗಕ್ಕೆ 2,000 ರೂಪಾಯಿ ದಂಡ ಗೊತ್ತುಮಾಡಿತು. ಹೊಣೆ ಮಾಲೀಕನ ಜೊತೆಗೆ ವಾಸವಿರುವವನ ಮೇಲೂ ಇದೆ. ಫ್ಲ್ಯಾಟಿನ ಒಳಗಿನದು ನೀವು ನೋಡಿಕೊಳ್ಳಿ, ಟೆರೇಸಿನ ಮುಚ್ಚಳವಿಲ್ಲದ ಟ್ಯಾಂಕು, ಬೇಸ್‌ಮೆಂಟಿನಲ್ಲಿ ನಿಂತ ನೀರು, ಲಿಫ್ಟ್ ಗುಂಡಿ ಇವನ್ನು ಫೋಟೋ ಸಮೇತ ಅಸೋಸಿಯೇಷನ್‌ಗೆ ಬರೆಯಿರಿ.

ನೀರಿಗೆ ಬರೋಣ. ಬೇಸಿಗೆಯಲ್ಲಿ ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮೂರೂ ಒಂದೇ ಸಂಪಿಗೆ ಬಂದು ಬೀಳುತ್ತವೆ. ಎಷ್ಟೋ ಕಟ್ಟಡಗಳಲ್ಲಿ ಪಕ್ಕದಲ್ಲೇ ಒಳಚರಂಡಿ ಕೊಳವೆ ಹಾದಿರುತ್ತದೆ. ಸಂಪಿನ ಗೋಡೆ ಬಿರುಕು ಬಿಟ್ಟರೆ ಮುಗಿಯಿತು, ನೂರು ಮನೆಗೆ ಒಂದೇ ದಿನ ವಾಂತಿ ಭೇದಿ. 2024ರಲ್ಲಿ ನೀರಿನ ಬರ, ಕಾಲರಾ ಸುದ್ದಿ ಒಟ್ಟಿಗೇ ಬಂದಾಗ ನಾವು ಕಲಿತ ಪಾಠ ಇದು. ಅಸೋಸಿಯೇಷನ್‌ಗೆ ಮೂರು ಪ್ರಶ್ನೆ ಕಳಿಸಿ: ಸಂಪು ಕೊನೆಯ ಸಲ ತೊಳೆದದ್ದು ಯಾವಾಗ? ಟ್ಯಾಂಕರ್ ನೀರು ಎಲ್ಲಿಂದ? ಕ್ಲೋರಿನ್ ಎಷ್ಟಿದೆ? ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎನ್ನುತ್ತದೆ ಭಾರತೀಯ ಮಾನಕ. ಕ್ಲೋರೋಸ್ಕೋಪ್ ಎಂಬ ಸಣ್ಣ ಕಿಟ್ಟಿನಲ್ಲಿ ನಲ್ಲಿಯ ಹತ್ತಿರವೇ ಎರಡು ನಿಮಿಷದಲ್ಲಿ ನೋಡಬಹುದು, ಆರೋಗ್ಯ ನಿರೀಕ್ಷಕರ ಬಳಿ ಕೇಳಿ. ಸಂಪಿಗೆ ನೀವಾಗಿಯೇ ಬ್ಲೀಚಿಂಗ್ ಪೌಡರ್ ಸುರಿಯಬೇಡಿ. ಮನೆಯೊಳಗೆ ಕುದಿಸಿದ ನೀರು ಸಾಕು: ದೊಡ್ಡ ಗುಳ್ಳೆ ಎದ್ದು ಒಂದು ನಿಮಿಷ ಕುದಿಯಬೇಕು. ಫಿಲ್ಟರ್ ಇದೆ ಎಂಬ ಧೈರ್ಯ ಬೇಡ. ಲಾಕ್‌ಡೌನ್‌ನಲ್ಲಿ ಸರ್ವಿಸ್‌ನವನೇ ಬರಲಿಲ್ಲ, ಕ್ಯಾಂಡಲ್ ಬದಲಾಗದೆ ನೀರು ಮೊದಲಿಗಿಂತ ಕೆಡುತ್ತಿತ್ತು.

ಇನ್ನು ಅಪಾರ್ಟ್‌ಮೆಂಟಿಗೇ ವಿಶೇಷವಾದ ಒಂದು ಸಂಗತಿ. ಬಚ್ಚಲಿನ ನೆಲದ ಜಾಲರಿ ಕೆಳಗೆ ಪ್ಲಂಬರ್‌ಗಳು ನಾನಿ ಟ್ರ್ಯಾಪ್ ಅನ್ನುವ ಬಟ್ಟಲಿನಂಥ ಭಾಗವಿದೆ. ಅದರಲ್ಲಿ ನಿಂತ ನೀರೇ ಒಳಚರಂಡಿಯ ಗಾಳಿ ಮನೆಗೆ ಬರದಂತೆ ತಡೆಯುವ ಬಾಗಿಲು. ಬಳಸದ ಬಚ್ಚಲಿನಲ್ಲಿ ಆ ನೀರು ಆರಿಹೋಗುತ್ತದೆ. 2003ರಲ್ಲಿ ಹಾಂಗ್‌ಕಾಂಗಿನ ಆಮೊಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ ಸಾರ್ಸ್ ರೋಗ ಮುನ್ನೂರಕ್ಕೂ ಹೆಚ್ಚು ಜನರಿಗೆ ತಗುಲಿ 42 ಮಂದಿ ಸತ್ತರು. ತನಿಖೆಯವರು ಹೇಳಿದ ಮುಖ್ಯ ಕಾರಣಗಳಲ್ಲಿ ಒಂದು ಇದೇ: ಒಣಗಿದ ಟ್ರ್ಯಾಪು, ಜೊತೆಗೆ ಕೊಳವೆಯ ಗಾಳಿಯನ್ನು ಒಳಗೆ ಎಳೆಯುತ್ತಿದ್ದ ಬಚ್ಚಲ ಫ್ಯಾನು. ಮಾಡಬೇಕಾದದ್ದು ಇಷ್ಟೇ, ಬಳಸದ ಬಚ್ಚಲಿಗೆ ವಾರಕ್ಕೊಮ್ಮೆ ಒಂದು ಮಗ್ ನೀರು. ವಾಷಿಂಗ್ ಮೆಷಿನ್ ಇಲ್ಲದ ಯುಟಿಲಿಟಿಗೂ ಒಂದು ಮಗ್.

ಗಾಳಿಯಲ್ಲಿ ಹರಡುವ ರೋಗವಾದರೆ ಎರಡು ಕಡೆಯ ಕಿಟಕಿ ತೆರೆದು ಅಡ್ಡಗಾಳಿ ಆಡುವಂತೆ ಮಾಡಿ. ಡಕ್ಟಿಗೆ ತೆರೆಯುವ ಬಚ್ಚಲ ಕಿಟಕಿಯನ್ನು ಇದರಲ್ಲಿ ಲೆಕ್ಕಕ್ಕೆ ಹಿಡಿಯಬೇಡಿ. ಅಲ್ಲಿ ಬರುವುದು ಕೆಳಮನೆಯವರ ಗಾಳಿ.

ಸ್ವಚ್ಛತೆಯ ಉತ್ಸಾಹದಲ್ಲಿ ಬ್ಲೀಚಿಂಗ್ ದ್ರಾವಣವನ್ನೂ ಟಾಯ್ಲೆಟ್ ಆ್ಯಸಿಡ್ಡನ್ನೂ ಸೇರಿಸಬೇಡಿ. ಹೊರಡುವುದು ಕ್ಲೋರಿನ್ ಅನಿಲ. ಕಿಟಕಿ ಇಲ್ಲದ ಬಚ್ಚಲಲ್ಲಿ ಉಸಿರೇ ಕಟ್ಟುತ್ತದೆ.

ಹೆಜ್ಜೆ 5: ಮನೆಯಲ್ಲಿ ಒಬ್ಬರು ಮಲಗಿದಾಗ

ಮೊದಲು ವೈದ್ಯರು, ಆಮೇಲೆ ವಾಟ್ಸ್‌ಆ್ಯಪ್ ಗುಂಪು.

ಡೆಂಗಿ ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸುತ್ತವೆ. ಜ್ವರ ಇಳಿಯಿತು ಎಂದು ನಾವು ನಿಟ್ಟುಸಿರು ಬಿಡುವ ಹೊತ್ತೇ ಅಪಾಯದ್ದು: ಹೊಟ್ಟೆ ವಿಪರೀತ ನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಚಡಪಡಿಕೆ ಕಂಡರೆ ಪ್ಲೇಟ್‌ಲೆಟ್ ವರದಿಗೆ ಕಾಯದೆ ಆಸ್ಪತ್ರೆಗೆ. ಅಕ್ಕಿ ತೊಳೆದ ನೀರಿನಂಥ ಭೇದಿಯಾದರೂ ಅಷ್ಟೇ, ತಡ ಮಾಡಬಾರದು. ದಾರಿಯುದ್ದಕ್ಕೂ ಓಆರ್‌ಎಸ್ ಕುಡಿಸಿ. ಒಂದು ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು, ಕಲಸಿದ್ದನ್ನು 24 ಗಂಟೆ ದಾಟಿಸಬೇಡಿ. ಪೊಟ್ಟಣ ಇಲ್ಲವೆಂದರೆ ಲೀಟರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಟೀ ಚಮಚ, ತಲೆತುಂಬ ಅಲ್ಲ, ಅಂಚಿಗೆ ಸಮ. ಕೋವಿಡ್‌ನಂಥ ಉಸಿರಾಟದ ರೋಗದಲ್ಲಿ ಆಕ್ಸಿಜನ್ ಮಟ್ಟ 94ಕ್ಕಿಂತ ಕೆಳಗಿಳಿದರೆ ವೈದ್ಯರಿಗೆ ಫೋನ್ ಮಾಡಿ.

ಒಂದು ಬೆಡ್‌ರೂಮಿನ ಮನೆಯಲ್ಲಿ ಪ್ರತ್ಯೇಕವಾಗಿರುವುದು ಹೇಗೆ? ರೋಗಿಗೆ ಕಿಟಕಿ ಇರುವ ಕೋಣೆ, ಉಳಿದವರಿಗೆ ನಡುಮನೆ. ಬಚ್ಚಲು ಒಂದೇ ಆದರೆ ರೋಗಿ ಕೊನೆಗೆ ಬಳಸುವುದು, ಫ್ಯಾನ್ ಹಾಕಿ ಅರ್ಧ ಗಂಟೆ ಬಿಡುವುದು. ಆದರ್ಶ ಅಲ್ಲ, ಆದರೆ ಆಗುವಂಥದ್ದು.

ಯಾರಿಗೆ ತಿಳಿಸಬೇಕು? ಆರೋಗ್ಯ ಸಿಬ್ಬಂದಿ ಕೇಳಿದರೆ ಮುಚ್ಚಿಡಬೇಡಿ. ಓನರ್‌ಗೆ ಒಂದು ಮೆಸೇಜ್ ಹಾಕಿ, ಇನ್ನೊಬ್ಬರ ಬಾಯಿಂದ ಕೇಳಿದರೆ ಅವರಿಗೆ ಸಿಟ್ಟು ಹೆಚ್ಚು. ಅಸೋಸಿಯೇಷನ್‌ಗೆ ಬೇಕಾದದ್ದು ಕಸ ಎತ್ತಲು, ಸೊಳ್ಳೆ ಔಷಧ ಹೊಡೆಯಲು ಸಾಕಾಗುವಷ್ಟೇ. ರೋಗಿಯ ಹೆಸರು, ವರದಿ ಎಲ್ಲವನ್ನೂ ಗುಂಪಿಗೆ ಹಾಕಬೇಕಿಲ್ಲ. ಬಳಸಿದ ಮಾಸ್ಕುಗಳನ್ನು ಕತ್ತರಿಸಿ ಕಾಗದದ ಚೀಲದಲ್ಲಿ 72 ಗಂಟೆ ಇಟ್ಟು ಆಮೇಲೆ ಕಸಕ್ಕೆ ಹಾಕಿ ಎಂದು ಕೋವಿಡ್ ಕಾಲದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳಿತ್ತು. ಅದನ್ನು ಬರಿಗೈಯಲ್ಲಿ ವಿಂಗಡಿಸುವ ಪೌರಕಾರ್ಮಿಕರನ್ನು ನೆನೆದಾದರೂ ಪಾಲಿಸಿ. ಕೆಲಸದವರಿಗೆ ಬರಬೇಡಿ ಎಂದಿರಾದರೆ ಸಂಬಳ ಹಿಡಿಯಬೇಡಿ. ಬಾಡಿಗೆ ರಿಯಾಯಿತಿ ಕೇಳಲು ಹೊರಟ ನಾವು ಅವರಿಗೆ ಓನರ್ ಆಗಿಬಿಡುತ್ತೇವೆ.

ಹೆಜ್ಜೆ 6: ಬಾಡಿಗೆ ಕಟ್ಟಲಾಗದಿದ್ದರೆ

2020ರ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ಒಂದು ಆದೇಶ ಹೊರಡಿಸಿತು. ವಲಸೆ ಬಂದವರೂ ಸೇರಿ ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದು, ಕಾರ್ಮಿಕರನ್ನಾಗಲಿ ವಿದ್ಯಾರ್ಥಿಗಳನ್ನಾಗಲಿ ಮನೆ ಬಿಡಿಸಿದರೆ ಕ್ರಮ ಎಂದು ಅದರಲ್ಲಿತ್ತು. ‘ಬಾಡಿಗೆ ಮಾಫಿ’ ಎಂದು ಅದು ಊರೆಲ್ಲ ಸುದ್ದಿಯಾಯಿತು. ಅದು ಎಲ್ಲರಿಗೂ ಅಲ್ಲ, ಕಾಯಂ ಅಲ್ಲ. ಅದೇ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಒಂದು ಪ್ರಕರಣದಲ್ಲಿ, ಕರಾರಿನಲ್ಲಿ ಕಲಮು ಇಲ್ಲದೆ ಲಾಕ್‌ಡೌನ್ ಕಾರಣಕ್ಕೆ ಬಾಡಿಗೆ ನಿಲ್ಲಿಸಲಾಗದು, ಜಾಗ ಇಟ್ಟುಕೊಂಡವರು ಬಾಡಿಗೆ ಕಟ್ಟಲೇಬೇಕು ಎಂಬ ನಿಲುವು ತಳೆಯಿತು. ಆದ್ದರಿಂದ ಕಟ್ಟದೆ ಸುಮ್ಮನಿರುವುದು ಅತ್ಯಂತ ಕೆಟ್ಟ ದಾರಿ.

ಬಾಡಿಗೆಯ ದಿನಕ್ಕೆ ಒಂದು ವಾರ ಮೊದಲೇ ಮಾತಾಡಿ. ಓನರ್ ಎಂದರೆ ಎಲ್ಲರೂ ಹತ್ತು ಮನೆಯ ಧಣಿಗಳಲ್ಲ. ಎಷ್ಟೋ ನಿವೃತ್ತರಿಗೆ ನಿಮ್ಮ ಬಾಡಿಗೆಯೇ ಪಿಂಚಣಿ, ಇನ್ನು ಕೆಲವರಿಗೆ ಆ ಫ್ಲ್ಯಾಟಿನದೇ ಸಾಲದ ಕಂತು. ‘ಕಡಿಮೆ ಮಾಡಿ’ ಎಂಬ ಮಾತಿಗಿಂತ ಅಂಕಿ ಇರುವ ಪ್ರಸ್ತಾಪ ಕೆಲಸ ಮಾಡುತ್ತದೆ. ಬಾಡಿಗೆ 22,000, ಅಡ್ವಾನ್ಸ್ 1,10,000 ಅಂದುಕೊಳ್ಳಿ:

‘ನಮಸ್ತೆ ಸರ್. ಈ ತಿಂಗಳು, ಮುಂದಿನ ತಿಂಗಳು ಸಂಬಳ ಅರ್ಧ ಬರುತ್ತಿದೆ. ಎರಡು ತಿಂಗಳು 11,000ದಂತೆ ಕಟ್ಟುತ್ತೇನೆ. ಉಳಿದ 22,000 ಅಡ್ವಾನ್ಸ್‌ನಲ್ಲಿ ಹೊಂದಿಸಿಕೊಳ್ಳಿ. ಮೂರನೇ ತಿಂಗಳಿಂದ ಬಾಡಿಗೆ ಜೊತೆ 5,500ರಂತೆ ನಾಲ್ಕು ಕಂತಿನಲ್ಲಿ ಅಡ್ವಾನ್ಸ್ ಮತ್ತೆ ತುಂಬುತ್ತೇನೆ. ಒಪ್ಪಿಗೆಯಿದ್ದರೆ ಇದಕ್ಕೆ ಒಂದು ಉತ್ತರ ಹಾಕಿ ಸರ್.’

ಫೋನಿನಲ್ಲಿ ಒಪ್ಪಿದರೂ ಈ ಮೆಸೇಜ್ ಹಾಕಿ. ಯುಪಿಐ ಮಾಡುವಾಗ ‘ಏಪ್ರಿಲ್ ಬಾಡಿಗೆ, ಭಾಗಶಃ’ ಎಂದು ಬರೆಯಿರಿ. ಮೇಂಟೆನೆನ್ಸ್ ನಿಲ್ಲಿಸಬೇಡಿ. ಅದು ಸೆಕ್ಯುರಿಟಿಯವರ, ಕಸದವರ ಸಂಬಳ.

ಹೆಜ್ಜೆ 7: ‘ನಾಳೆಯೇ ಖಾಲಿ ಮಾಡಿ’ ಎಂದರೆ

ರೋಗ ಬಂದದ್ದು ಮನೆ ಬಿಡಿಸಲು ಕಾರಣವಲ್ಲ, ಫೋನಿನ ಕೂಗಾಟ ನೋಟಿಸೂ ಅಲ್ಲ. ‘ದಯವಿಟ್ಟು ಕರಾರಿನ ಪ್ರಕಾರ ಲಿಖಿತ ನೋಟಿಸ್ ಕೊಡಿ’ ಎಂದು ಬರೆದು ಸುಮ್ಮನಾಗಿ. ಬೀಗ ಬದಲಿಸಿದರೆ, ಸಾಮಾನು ಹೊರಗಿಟ್ಟರೆ 112. ಫೋಟೋ, ವಿಡಿಯೋ, ಪಕ್ಕದ ಮನೆಯವರ ಸಾಕ್ಷ್ಯ ಇಟ್ಟುಕೊಳ್ಳಿ. ಕಾನೂನುಬಾಹಿರವಾಗಿ ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಕೇಳಬಹುದು. ವಕೀಲರ ಖರ್ಚಿಗೆ ಹೆದರುವವರು 15100ಕ್ಕೆ ಫೋನ್ ಮಾಡಿ. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು.

ನೀವು ನರ್ಸೋ ವೈದ್ಯರೋ ಆಗಿದ್ದರೆ ಇನ್ನೂ ಗಟ್ಟಿ ಆಸರೆಯಿದೆ. 2020ರಲ್ಲಿ ಆಸ್ಪತ್ರೆಯಿಂದ ಬಂದವರಿಗೆ ಮನೆ ಬಾಗಿಲು ಮುಚ್ಚಿದ ಪ್ರಸಂಗಗಳ ಬೆನ್ನಲ್ಲೇ 1897ರ ಸಾಂಕ್ರಾಮಿಕ ಕಾಯ್ದೆಗೆ ತಿದ್ದುಪಡಿ ಬಂತು. ಸಾಂಕ್ರಾಮಿಕದ ಕಾಲದಲ್ಲಿ ಆರೋಗ್ಯ ಸಿಬ್ಬಂದಿಯ ವಾಸಕ್ಕೆ, ಕೆಲಸಕ್ಕೆ ತೊಂದರೆಯಾಗುವಂತೆ ಕಿರುಕುಳ ಕೊಡುವುದೂ ಅದರ ಪ್ರಕಾರ ಹಿಂಸೆ. ಮೂರು ತಿಂಗಳಿಂದ ಐದು ವರ್ಷದವರೆಗೆ ಜೈಲು, 50,000ದಿಂದ ಎರಡು ಲಕ್ಷದವರೆಗೆ ದಂಡ.

ಲೀಸಿಗೆ, ಅಂದರೆ ಭೋಗ್ಯಕ್ಕೆ ಇರುವವರಿಗೆ ಒಂದೇ ಮಾತು. ಇಡೀ ಮೊತ್ತ ಖಾತೆಗೆ ಬೀಳುವವರೆಗೆ ಬೀಗದ ಕೈ ಕೊಡಬೇಡಿ. ಪಿ.ಜಿ.ಯಲ್ಲಿರುವವರಿಗೆ ಕರಾರೇ ಇರುವುದಿಲ್ಲ. ಕಟ್ಟಿದ ದುಡ್ಡಿನ ಸ್ಕ್ರೀನ್‌ಶಾಟ್, ನಿಯಮಗಳ ಬೋರ್ಡಿನ ಫೋಟೋ ಇಂದೇ ತೆಗೆದಿಡಿ.

ಹೆಜ್ಜೆ 8: ಬೀಗ ಹಾಕಿ ಊರಿಗೆ ಹೊರಡುವ ಮುನ್ನ

ಊರಿಗೆ ಹೋಗಿ ಕುಳಿತರೂ ಬಾಡಿಗೆ ಓಡುತ್ತಿರುತ್ತದೆ. ಎರಡು ತಿಂಗಳಿಗೂ ಹೆಚ್ಚು ಬಿಡುವ ಅಂದಾಜಿದ್ದರೆ ಖಾಲಿ ಮಾಡುವುದೋ ಉಳಿಸಿಕೊಳ್ಳುವುದೋ ಎಂದು ಹೊರಡುವ ಮೊದಲೇ ಲೆಕ್ಕ ಹಾಕಿ. ಖಾಲಿ ಮಾಡುವುದಾದರೆ ಪ್ರತಿ ಕೋಣೆಯ ವಿಡಿಯೋ, ಮೀಟರ್ ರೀಡಿಂಗ್ ಫೋಟೋ, ಪೇಂಟಿಂಗ್ ಎಂದು ಎಷ್ಟು ಹಿಡಿಯುತ್ತಾರೆ ಎಂಬುದರ ಲಿಖಿತ ಉತ್ತರ. ಬರೀ ಬೀಗ ಹಾಕುವುದಾದರೆ ಸಿಲಿಂಡರ್ ರೆಗ್ಯುಲೇಟರ್ ಮುಚ್ಚಿ, ಫ್ರಿಜ್ ಖಾಲಿ ಮಾಡಿ, ಒಂದು ಬೀಗದ ಕೈ ನಂಬಿಕಸ್ತ ಪಕ್ಕದ ಮನೆಯವರಿಗೆ ಕೊಡಿ. ಬಕೆಟ್, ಡ್ರಮ್ಮು ಬೋರಲು. ಕಮೋಡಿನ ಮುಚ್ಚಳ ಹಾಕಿ. ಬಚ್ಚಲಿನ ಜಾಲರಿಗೆ ಒಂದು ಮಗ್ ನೀರು ಹೊಯ್ದು, ಅದರ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಮರಳು ತುಂಬಿ ಇಟ್ಟರೆ ಜಿರಳೆಯೂ ಬರುವುದಿಲ್ಲ, ಟ್ರ್ಯಾಪಿನ ನೀರೂ ಬೇಗ ಆರುವುದಿಲ್ಲ.